ಸರೌಂಡ್ ಆಲ್ಬಂ ಮಾಡಿ ಗ್ರ್ಯಾಮಿಗೆ ಕಳಿಸುವುದು ಹೇಗೆ? ಮುಂಬೈ, ಪುಣೆಯ ಕನ್ನಡ ಸಂಗೀತಗಾರರಿಗೆ ಮಾರ್ಗದರ್ಶಿ

ಬೆಂಗಳೂರಿನ ರಿಕಿ ಕೇಜ್ ಮತ್ತು ಡ್ರಮ್ಮರ್ ಸ್ಟೀವರ್ಟ್ ಕೋಪ್‌ಲ್ಯಾಂಡ್ ಸೇರಿ ಮಾಡಿದ ‘ಡಿವೈನ್ ಟೈಡ್ಸ್’ ಆಲ್ಬಂಗೆ 2022ರಲ್ಲಿ ನ್ಯೂ ಏಜ್ ವಿಭಾಗದ ಗ್ರ್ಯಾಮಿ ಬಂತು. 2023ರಲ್ಲಿ ಅದೇ ಆಲ್ಬಂಗೆ ಇನ್ನೊಂದು ಗ್ರ್ಯಾಮಿ ಬಂತು. ಅದೇ ಹಾಡುಗಳು, ಅದೇ ಹೆಸರು. ಎರಡು ಸಲ ಹೇಗೆ ಅಂತ ಆಗ ತುಂಬ ಜನ ಕೇಳಿದರು. ಎರಡನೆಯದು ಬಂದಿದ್ದು ಆ ಹಾಡುಗಳ ಸರೌಂಡ್ ಮಿಕ್ಸ್‌ಗೆ, ಅಂದರೆ ಕೇಳುವವರ ಸುತ್ತಲೂ ಇರುವ ಸ್ಪೀಕರ್‌ಗಳಿಗೆ ಬಿಡಿ ಬಿಡಿ ಶಬ್ದಗಳನ್ನು ಹಂಚಿ ಹೊಂದಿಸಿದ ರೂಪಕ್ಕೆ. ವಿಭಾಗದ ಹೆಸರು ಬೆಸ್ಟ್ ಇಮರ್ಸಿವ್ ಆಡಿಯೊ ಆಲ್ಬಂ. ಪ್ರಶಸ್ತಿ ಪಡೆದವರಲ್ಲಿ ಮಿಕ್ಸ್ ಎಂಜಿನಿಯರ್ ಎರಿಕ್ ಶಿಲ್ಲಿಂಗ್ ಇದ್ದರು. ಇಮರ್ಸಿವ್ ಪ್ರೊಡ್ಯೂಸರ್‌ಗಳಾಗಿ ಕೋಪ್‌ಲ್ಯಾಂಡ್, ಕೇಜ್ ಮತ್ತು ಹರ್ಬರ್ಟ್ ವಾಲ್ಟ್ಲ್ ಇದ್ದರು.

ನಾನು ಮುಂಬೈಯಲ್ಲಿ ಮಿಕ್ಸಿಂಗ್ ಕೆಲಸ ಮಾಡುವವನು. ಮಾಟುಂಗದ ಕಡೆ ಯಾವುದಾದರೂ ಕನ್ನಡ ಕಾರ್ಯಕ್ರಮಕ್ಕೆ ಹೋದರೆ ಯಾರಾದರೊಬ್ಬರು ಹತ್ತಿರ ಬಂದು ಕೇಳುತ್ತಾರೆ: “ನಮ್ಮ ದಾಸರ ಪದದ ಆಲ್ಬಂ ರೆಡಿ ಇದೆ ಮಾರಾಯ್ರೆ, ಅದನ್ನ ಸರೌಂಡ್ ಮಾಡಿ ಗ್ರ್ಯಾಮಿಗೆ ಹಾಕ್ಬಹುದಾ?” ಹಾಕಬಹುದು. ಆದರೆ ‘ರೆಡಿ ಇದೆ’ ಅನ್ನೋ ಮಾತಲ್ಲೇ ತೊಂದರೆ ಶುರುವಾಗುತ್ತದೆ. ಸರೌಂಡ್ ಅನ್ನುವುದು ಕೊನೆಗೆ ಹಚ್ಚುವ ಬಣ್ಣ ಅಲ್ಲ. ಮೈಕ್ ಎಲ್ಲಿಡಬೇಕು ಅಂತ ಯೋಚಿಸುವ ದಿನವೇ ಅದನ್ನೂ ಯೋಚಿಸಬೇಕು. ಈ ಲೇಖನ ಪೂರ್ತಿ ಹೇಳುವುದು ಅದನ್ನೇ. ಎಂಟ್ರಿ ಫಾರಂ ತುಂಬುವ ವಿಷಯವೂ ಬರುತ್ತದೆ, ಆದರೆ ಅದು ಚಿಕ್ಕ ಕೆಲಸ.

ಮೊದಲು ವಿಭಾಗವನ್ನು ತಿಳಿದುಕೊಳ್ಳಿ

ಈ ಪ್ರಶಸ್ತಿ ಶುರುವಾಗಿದ್ದು 2005ರಲ್ಲಿ, ಬೆಸ್ಟ್ ಸರೌಂಡ್ ಸೌಂಡ್ ಆಲ್ಬಂ ಅನ್ನೋ ಹೆಸರಲ್ಲಿ. ಆಗ ಸರೌಂಡ್ ಸಂಗೀತ ಎಸ್‌ಎಸಿಡಿ, ಡಿವಿಡಿ ಆಡಿಯೊ ಅನ್ನುವ ಡಿಸ್ಕ್‌ಗಳಲ್ಲಿ ಬರುತ್ತಿದ್ದ ಕಾಲ. ಮೊದಲ ವರ್ಷ ಗೆದ್ದಿದ್ದು ರೇ ಚಾರ್ಲ್ಸ್ ಅವರ ಡ್ಯುಯೆಟ್ ಆಲ್ಬಂ. 2019ರಲ್ಲಿ ಹೆಸರು ಇಮರ್ಸಿವ್ ಅಂತ ಬದಲಾಯಿತು. ತಲೆಯ ಮೇಲೂ ಸ್ಪೀಕರ್ ಇಡುವ ಪದ್ಧತಿ ಅಷ್ಟರಲ್ಲಿ ಬಂದಿತ್ತು. ಸುತ್ತಲಿನ ಶಬ್ದ ಅನ್ನುವ ಹಳೆಯ ಹೆಸರು ಅದಕ್ಕೆ ಸಾಲುತ್ತಿರಲಿಲ್ಲ.

ನಿಯಮದ ಮುಖ್ಯ ಮಾತು ಹೀಗಿದೆ. ಯಾವ ಪ್ರಕಾರದ ಸಂಗೀತವಾದರೂ ಆಗುತ್ತದೆ, ಹಾಡಾದರೂ ಸರಿ, ವಾದ್ಯವಾದರೂ ಸರಿ. ಆಲ್ಬಂ ಮಾರಾಟಕ್ಕೋ, ಒಪ್ಪಿತ ಸ್ಟ್ರೀಮಿಂಗ್ ಇಲ್ಲವೇ ಡೌನ್‌ಲೋಡ್ ಸೇವೆಯಲ್ಲೋ ಬಿಡುಗಡೆ ಆಗಿರಬೇಕು. ಅದರಲ್ಲಿ ನಾಲ್ಕು ಅಥವಾ ಜಾಸ್ತಿ ಚಾನೆಲ್‌ಗಳ (ಬೇರೆ ಬೇರೆ ಸ್ಪೀಕರ್‌ಗೆ ಹೋಗುವ ಶಬ್ದದ ದಾರಿಗಳ) ಹೊಸ ಇಮರ್ಸಿವ್ ಮಿಕ್ಸ್ ಇರಬೇಕು. ಪ್ರಶಸ್ತಿ ಹೋಗುವುದು ಇಮರ್ಸಿವ್ ಮಿಕ್ಸ್ ಎಂಜಿನಿಯರ್‌ಗೆ, ಇದ್ದರೆ ಇಮರ್ಸಿವ್ ಪ್ರೊಡ್ಯೂಸರ್‌ಗೆ, ಇದ್ದರೆ ಇಮರ್ಸಿವ್ ಮಾಸ್ಟರಿಂಗ್ ಎಂಜಿನಿಯರ್‌ಗೆ. ಮಿಕ್ಸ್ ಆದ ಮೇಲೆ ಬಿಡುಗಡೆಗೆ ಕೊನೆಯ ರೂಪ ಕೊಡುವುದೇ ಮಾಸ್ಟರಿಂಗ್. ಗಾಯಕ, ಗಾಯಕಿಯ ಹೆಸರು ಈ ಸಾಲಲ್ಲಿ ತಾನಾಗಿ ಬರುವುದಿಲ್ಲ. ಹಾಡಿದವರು ಇದನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಆಮೇಲೆ ಬೇಜಾರಾಗುವುದು ಬೇಡ.

‘ಹೊಸ ಮಿಕ್ಸ್’ ಅನ್ನುವುದನ್ನು ಗಮನಿಸಿ. ಮಿಕ್ಸ್ ಹೊಸದಾಗಿದ್ದರೆ ಸಾಕು, ಹಾಡು ಹಳೆಯದಿರಬಹುದು. ಡೈರ್ ಸ್ಟ್ರೇಟ್ಸ್ ತಂಡದ 1985ರ ಆಲ್ಬಂಗೆ ಇಪ್ಪತ್ತು ವರ್ಷ ತುಂಬಿದಾಗ ಚಕ್ ಐನ್ಲೆ ಅದರ ಸರೌಂಡ್ ಮಿಕ್ಸ್ ಮಾಡಿದರು. 2006ರಲ್ಲಿ ಅದು ಗೆದ್ದಿತು. ಅಲಿಶಾ ಕೀಸ್ ಅವರ 2003ರ ಆಲ್ಬಂ 2024ರಲ್ಲಿ ಈ ವಿಭಾಗದಲ್ಲಿ ಗೆದ್ದಿತು. ಹಳೆಯ ರೆಕಾರ್ಡಿಂಗ್ ಇಟ್ಟುಕೊಂಡಿರುವ ನಮ್ಮವರಿಗೆ ಇದು ಒಳ್ಳೆಯ ಸುದ್ದಿ, ಒಂದು ಷರತ್ತಿನ ಮೇಲೆ. ಅದನ್ನು ಮುಂದೆ ಹೇಳುತ್ತೇನೆ.

ಆಲ್ಬಂ ಅನ್ನಿಸಿಕೊಳ್ಳಲು ಅಳತೆಯೂ ಇದೆ. ಕನಿಷ್ಠ ಐದು ಬೇರೆ ಬೇರೆ ಹಾಡು ಇದ್ದು ಒಟ್ಟು 15 ನಿಮಿಷ ಆಗಬೇಕು. ಇಲ್ಲವೇ ಹಾಡು ಎಷ್ಟೇ ಇರಲಿ, ಒಟ್ಟು 30 ನಿಮಿಷ ಆಗಬೇಕು. ಒಂದೇ ರಾಗದ ದೊಡ್ಡ ಖಯಾಲ್ ಎರಡನೆಯ ದಾರಿಯಲ್ಲಿ ಆರಾಮಾಗಿ ಬರುತ್ತದೆ.

ಸಂಗೀತಕ್ಕೆ ಸರೌಂಡ್ ಬೇಕಾ, ಕೇಳಿಕೊಳ್ಳಿ

ಈ ಹೆಜ್ಜೆಯನ್ನು ಎಲ್ಲರೂ ಹಾರಿಬಿಡುತ್ತಾರೆ. ದಯವಿಟ್ಟು ಹಾರಬೇಡಿ. ಕೇಳುವವರು ಎಲ್ಲಿ ಕೂತಿದ್ದಾರೆ ಅನ್ನುವುದನ್ನು ನೀವು ತೀರ್ಮಾನ ಮಾಡಬೇಕು. ಎಡ, ಬಲ ಎರಡೇ ಚಾನೆಲ್ ಇರುವ ಸ್ಟೀರಿಯೊದಲ್ಲಿ ಅವರು ಯಾವಾಗಲೂ ಎದುರಿಗೆ, ಸಭೆಯಲ್ಲಿ. ಸರೌಂಡ್‌ನಲ್ಲಿ ಎಲ್ಲಿ ಬೇಕಾದರೂ ಕೂರಿಸಬಹುದು.

ಹಿಂದೂಸ್ತಾನಿ ಗಾಯನ ತೆಗೆದುಕೊಳ್ಳಿ. ಗಾಯಕರ ಹಿಂದೆ ಎರಡು ಕಡೆ ಎರಡು ತಂಬೂರಿ ಇರುತ್ತವೆ. ಆ ನಾದದ ನಡುವೆ ಕೂತಿರುವ ಸುಖ ಹಾಡುವವರಿಗೆ ಮಾತ್ರ ಗೊತ್ತು. ಸಭೆಯಲ್ಲಿ ಕೂತವರಿಗೆ ಅದರಲ್ಲಿ ಚೂರು ಸಿಕ್ಕರೆ ಹೆಚ್ಚು. ಒಂದು ತಂಬೂರಿ ಎಡ ಹಿಂಭಾಗಕ್ಕೆ, ಇನ್ನೊಂದು ಬಲ ಹಿಂಭಾಗಕ್ಕೆ ಇಟ್ಟು, ಕಂಠವನ್ನು ಮುಂದೆ ಹತ್ತಿರದಲ್ಲಿ ಇಟ್ಟರೆ ಕೇಳುವವರು ಗಾಯಕರ ಪಕ್ಕದಲ್ಲೇ ಕೂತ ಹಾಗಾಗುತ್ತದೆ. ತಬಲಾ ಒಂದು ಕಡೆ, ಹಾರ್ಮೋನಿಯಂ ಇನ್ನೊಂದು ಕಡೆ. ಇಲ್ಲಿ ಸರೌಂಡ್‌ಗೆ ಕಾರಣ ಇದೆ.

ಯಕ್ಷಗಾನದ ಹಿಮ್ಮೇಳ ಇನ್ನೂ ಸೊಗಸು. ಮುಂಬೈಯಲ್ಲಿ ಯಕ್ಷಗಾನ ಕಲಾವಿದರಿಗೆ ಬರವಿಲ್ಲ ಅಲ್ವಾ. ನಡುವೆ ಭಾಗವತರು, ಒಂದು ಪಕ್ಕ ಮದ್ದಳೆ, ಇನ್ನೊಂದು ಪಕ್ಕ ಚೆಂಡೆ. ತಾಳಮದ್ದಳೆಯಾದರೆ ಅರ್ಥಧಾರಿಗಳು ಎದುರುಬದುರು. ಕೇಳುವವರನ್ನು ವಾದದ ಮಧ್ಯೆ ಕೂರಿಸಿದರೆ ಮಾತು ಎಡದಿಂದ ಬಂದು ಬಲದಿಂದ ಉತ್ತರ ಪಡೆಯುತ್ತದೆ. ಆದರೆ ಚೆಂಡೆಯನ್ನು ಮಾತ್ರ ಹಿಂದೆ ಇಡಬೇಡಿ. ಹಿಂದಿನಿಂದ ಜೋರು ಪೆಟ್ಟು ಬಿದ್ದರೆ ಕೇಳುವವರ ಗಮನ ಅಲ್ಲಿಗೇ ಓಡುತ್ತದೆ, ಪದ ಕಿವಿಗೆ ಬೀಳುವುದಿಲ್ಲ. ಚೆಂಡೆಯ ಪೆಟ್ಟು ಮುಂದೆ ಇರಲಿ. ಅದು ಹಾಲ್‌ನಲ್ಲಿ ಸುತ್ತಿ ಬರುವ ಗುಂಗು ಹಿಂದೆ ಮತ್ತು ಮೇಲೆ ಇರಲಿ.

ಒಬ್ಬರ ಕಂಠ, ಒಂದು ಗಿಟಾರ್, ನಾಲ್ಕು ಭಾವಗೀತೆ ಇದ್ದರೆ? ಸ್ಟೀರಿಯೊದಲ್ಲೇ ಚೆನ್ನಾಗಿ ಮಾಡಿ. ನನಗೆ ಅದೂ ತುಂಬ ಇಷ್ಟ. ಪ್ರಶಸ್ತಿಗಾಗಿ ಅದನ್ನು ಹನ್ನೆರಡು ಸ್ಪೀಕರ್‌ಗೆ ಹರಡಿದರೆ ಹಾಡಿನ ಆಪ್ತತೆ ಹೋಗುತ್ತದೆ.

ರೆಕಾರ್ಡಿಂಗ್: ಎರಡು ದಾರಿ

ಒಂದು ದಾರಿ ಸ್ಟುಡಿಯೊದ್ದು. ಪ್ರತಿ ವಾದ್ಯವನ್ನು ಬೇರೆ ಬೇರೆ ಟ್ರ್ಯಾಕ್‌ನಲ್ಲಿ ತೆಗೆದು, ಮಿಕ್ಸ್‌ನಲ್ಲಿ ಜಾಗ ಕೊಡುವುದು. ಅಂಧೇರಿಯ ಸುತ್ತಮುತ್ತ ಸ್ಟುಡಿಯೊಗಳು ಬೇಕಾದಷ್ಟಿವೆ, ಶಿಫ್ಟ್ ಲೆಕ್ಕದಲ್ಲಿ ಸಿಗುತ್ತವೆ. ಈ ದಾರಿ ಹಿಡಿದರೆ ಒಂದು ವಾದ್ಯಕ್ಕೆ ಒಂದೇ ಮೈಕ್ ಸಾಲದು. ಹತ್ತಿರದ ಮೈಕ್ ಜೊತೆಗೆ ಕೋಣೆಯ ಶಬ್ದ ಹಿಡಿಯಲು ದೂರದಲ್ಲಿ ಎರಡು ಮೈಕ್, ಎತ್ತರದಲ್ಲಿ ಇನ್ನೆರಡು ಮೈಕ್ ಇಡಿ. ಮಿಕ್ಸ್ ಮಾಡುವವರು ಮೇಲಿನ ಸ್ಪೀಕರ್‌ಗೆ ಏನು ಕಳಿಸಲಿ ಅಂತ ಹುಡುಕುವಾಗ ಆ ಎರಡು ಟ್ರ್ಯಾಕ್ ಚಿನ್ನದ ಬೆಲೆಯವು. ಅದಿಲ್ಲದಿದ್ದರೆ ಕೃತಕ ರಿವರ್ಬ್, ಅಂದರೆ ಆಮೇಲೆ ಸೇರಿಸುವ ಗುಂಗು, ಒಂದೇ ಗತಿ.

ಇನ್ನೊಂದು ದಾರಿ ಒಳ್ಳೆಯ ಜಾಗ ಹುಡುಕಿ ಅಲ್ಲೇ ಎಲ್ಲವನ್ನೂ ಒಟ್ಟಿಗೆ ಹಿಡಿಯುವುದು. ನಾರ್ವೆಯ ಮಾರ್ಟನ್ ಲಿಂಡ್‌ಬರ್ಗ್ ಇದರಲ್ಲಿ ಹೆಸರಾದವರು. ಚರ್ಚ್‌ನ ಮಧ್ಯದಲ್ಲಿ ಮೈಕ್‌ಗಳ ಒಂದು ಗುಂಪು ನಿಲ್ಲಿಸುತ್ತಾರೆ. ಸ್ಪೀಕರ್‌ಗಳು ಹೇಗಿರುತ್ತವೋ ಹಾಗೆಯೇ ಮೈಕ್‌ಗಳ ಜೋಡಣೆ. ಕಲಾವಿದರನ್ನು ಅದರ ಸುತ್ತ ನಿಲ್ಲಿಸುತ್ತಾರೆ. ಯಾರ ದನಿ ಕಮ್ಮಿಯೋ ಅವರು ಒಂದು ಹೆಜ್ಜೆ ಮುಂದೆ, ಜಾಸ್ತಿಯಾದವರು ಹಿಂದೆ. ಅರ್ಧ ಮಿಕ್ಸ್ ಅಲ್ಲೇ ಮುಗಿಯುತ್ತದೆ. ಇವರಿಗೆ ಇಪ್ಪತ್ತಕ್ಕೂ ಜಾಸ್ತಿ ನಾಮಿನೇಷನ್ ಬಂದರೂ ಪ್ರಶಸ್ತಿ ಬಂದಿರಲಿಲ್ಲ. ಕೊನೆಗೆ 2020ರಲ್ಲಿ ಬಂತು. ಗೆದ್ದ ಆಲ್ಬಂ ‘ಲಕ್ಸ್’, ಬಾಲಕಿಯರ ಕೋರಸ್ ಹಾಡಿದ್ದು.

ನಮ್ಮ ಸಂಗೀತಕ್ಕೆ ಈ ಎರಡನೆಯ ದಾರಿ ಜಾಸ್ತಿ ಒಗ್ಗುತ್ತದೆ ಅಂತ ನನ್ನ ನಂಬಿಕೆ. ಭಜನಾ ಮಂಡಳಿ ಹೇಗೆ ಕೂರುತ್ತದೆ? ಗುಂಡಗೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು. ತಾಳ ಎಲ್ಲರ ಕೈಯಲ್ಲಿ. ನಡುವೆ ಮೈಕ್‌ಗಳನ್ನು ನಿಲ್ಲಿಸಿದರೆ ಸರೌಂಡ್ ಆಗಲೇ ಅಲ್ಲಿದೆ. ಒಬ್ಬರು ಹೇಳಿದ ಸಾಲನ್ನು ಉಳಿದವರು ಸುತ್ತಲಿಂದ ತಿರುಗಿ ಹೇಳುವುದು ಸ್ಟೀರಿಯೊದಲ್ಲಿ ಯಾವತ್ತೂ ಪೂರ್ತಿ ಸಿಗುವುದಿಲ್ಲ.

ಜಾಗ ಎಲ್ಲಿ? ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್ ಕಡೆಯ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ, ಇಂಥ ಸಭಾಂಗಣಗಳಲ್ಲಿ ನಮ್ಮ ಕಲಾವಿದರು ಹಾಡಿ ಕುಣಿದು ಅಭ್ಯಾಸವಾಗಿದೆ. ಯಾವುದನ್ನೇ ನೋಡಿದರೂ ಮೊದಲು ಖಾಲಿ ಹಾಲ್‌ನಲ್ಲಿ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. ಗುಂಗು ನಿಧಾನ ಇಳಿದರೆ ಸರಿ. ಗೋಡೆಯಿಂದ ಗೋಡೆಗೆ ಟಪ ಟಪ ಅಂತ ಪುಟಿದು ಬಂದರೆ ಆ ಜಾಗ ಬೇಡ, ಇಲ್ಲವೇ ದಪ್ಪ ಪರದೆ ಕಟ್ಟಿಸಿ. ಆಮೇಲೆ ಫ್ಯಾನ್, ಎಸಿ, ಟ್ಯೂಬ್‌ಲೈಟ್ ಒಂದೊಂದಾಗಿ ಆರಿಸಿ ಕೇಳಿ. ಸರೌಂಡ್‌ನಲ್ಲಿ ಹಿನ್ನೆಲೆಯ ಗುಂಯ್‌ಗುಡುವಿಕೆ ಸ್ಟೀರಿಯೊಗಿಂತ ಬೇಗ ಗೊತ್ತಾಗುತ್ತದೆ, ಯಾಕೆಂದರೆ ಹಿಂದಿನ ಸ್ಪೀಕರ್‌ಗಳಲ್ಲಿ ಅದನ್ನು ಮುಚ್ಚುವಷ್ಟು ಸಂಗೀತ ಇರುವುದಿಲ್ಲ.

ಮುಂಬೈಯಲ್ಲಿ ನಿಶ್ಶಬ್ದಕ್ಕೆ ಒಂದೇ ಹೊತ್ತು. ರಾತ್ರಿ ಒಂದೂವರೆಯಿಂದ ನಾಲ್ಕರ ತನಕ, ಲೋಕಲ್ ಟ್ರೈನ್ ನಿಂತಿರುವಾಗ. ಮಾಟುಂಗ, ದಾದರ್ ಕಡೆ ಎರಡೂ ಬದಿಗೆ ಹಳಿ ಇದೆ, ಆ ನಡುಕ ಮೈಕ್ ಸ್ಟ್ಯಾಂಡ್ ಮೂಲಕವೇ ಏರಿ ಬರುತ್ತದೆ. ಕಲಾವಿದರಿಗೆ ಮಧ್ಯಾಹ್ನ ನಿದ್ದೆ ಮಾಡಿ ಬರಲು ಹೇಳಿ, ಊಟ ಹಗುರ ಇರಲಿ. ಪುಣೆಯಲ್ಲಿ ಊರಾಚೆ ಹೋದರೆ ಇಷ್ಟು ಕಷ್ಟ ಇಲ್ಲ. ಅಲ್ಲಿ ಸಿನಿಮಾ ಕಲಿಸುವ ಎಫ್‌ಟಿಐಐ ಸಂಸ್ಥೆಯಲ್ಲಿ ಸೌಂಡ್ ಕಲಿತವರು ಸಿಗುತ್ತಾರೆ. ಲೊಕೇಷನ್ ರೆಕಾರ್ಡಿಂಗ್ ಅವರ ಪಾಠದ ಭಾಗ. ಅಂಥವರೊಬ್ಬರು ಜೊತೆಗಿದ್ದರೆ ಅರ್ಧ ಚಿಂತೆ ಕಳೆಯುತ್ತದೆ.

ಕಾಲವನ್ನೂ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ತೇವಕ್ಕೆ ಮದ್ದಳೆ, ಚೆಂಡೆ, ತಬಲಾದ ಚರ್ಮ ಸಡಿಲವಾಗಿ ಶ್ರುತಿ ನಿಲ್ಲುವುದಿಲ್ಲ. ಮಳೆ ಶೀಟಿನ ಮೇಲೆ ಬಿದ್ದರಂತೂ ಕೆಲಸ ಬಂದ್. ಅದರ ಬೆನ್ನಿಗೆ ಗಣಪತಿ ಹಬ್ಬದ ಢೋಲ್-ತಾಶಾ. ಪುಣೆಯಲ್ಲಿ ಅದರ ತಾಲೀಮು ಹಬ್ಬಕ್ಕೆ ಎಷ್ಟೋ ವಾರ ಮೊದಲೇ ಶುರುವಾಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ರೆಕಾರ್ಡಿಂಗ್ ಮುಗಿಸಿ. ಇದಕ್ಕೆ ಪ್ರಶಸ್ತಿಯ ಕ್ಯಾಲೆಂಡರ್ ಕಡೆಯಿಂದಲೂ ಕಾರಣ ಇದೆ.

ಹಳೆಯ ರೆಕಾರ್ಡಿಂಗ್ ಇದ್ದರೆ

ಷರತ್ತು ಅಂದೆನಲ್ಲ, ಅದು ಮಲ್ಟಿಟ್ರ್ಯಾಕ್. ಪ್ರತಿ ವಾದ್ಯ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಇರುವ ಮೂಲ ಟೇಪ್ ಅಥವಾ ಹಾರ್ಡ್ ಡಿಸ್ಕ್ ಬೇಕು. ಬರೀ ಸಿಡಿ ಇದ್ದರೆ, ಕ್ಯಾಸೆಟ್ ಇದ್ದರೆ ಸಾಲದು. ಸ್ಟೀರಿಯೊವನ್ನು ಸಾಫ್ಟ್‌ವೇರ್‌ಗೆ ಕೊಟ್ಟು ಎಳೆದು ಸರೌಂಡ್ ಮಾಡುವ ಉಪಾಯಗಳು ಇವೆ. ಪರಿಣತರ ಕಿವಿಗೆ ಅದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ, ಕಂಠದ ಅಂಚು ಸವೆದು ನೀರಿನೊಳಗಿಂದ ಬಂದ ಹಾಗೆ ಇರುತ್ತದೆ. ಆ ದಾರಿ ಬೇಡ.

ಪುಣೆಯಲ್ಲಿ ನೆಲೆಸಿದ ಗದಗದ ಭೀಮಸೇನ ಜೋಶಿಯವರು ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರುಮಾಡಿದ ಉತ್ಸವ ಇವತ್ತಿಗೂ ನಡೆಯುತ್ತದೆ. ಆ ಪರಂಪರೆಯ ಹಿರಿಯರ ಖಾಸಗಿ ಬೈಠಕ್‌ಗಳ ರೆಕಾರ್ಡಿಂಗ್ ಎಷ್ಟೋ ಕನ್ನಡ ಮನೆಗಳಲ್ಲಿ ಇವೆ. ಹೆಚ್ಚಿನವು ಒಂದು ಇಲ್ಲವೇ ಎರಡು ಮೈಕ್‌ನವು. ಅವನ್ನು ಸರೌಂಡ್ ಮಾಡಲು ಹೋಗದೆ ಚೆನ್ನಾಗಿ ಡಿಜಿಟೈಸ್ ಮಾಡಿ ಉಳಿಸಿ. ಅದು ಇದಕ್ಕಿಂತ ದೊಡ್ಡ ಕೆಲಸ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಆದ್ದರಿಂದ ಬಿಡುಗಡೆಗೆ ಮುಂಚೆ ಹಕ್ಕು ಯಾರದು ಅಂತಲೂ ನೋಡಬೇಕು.

ಮಿಕ್ಸ್: ಕೋಣೆ ಆರಿಸುವುದರಿಂದ ಶುರು

ಮುಂಬೈಯಲ್ಲಿ ಅಟ್ಮಾಸ್ (ಡಾಲ್ಬಿ ಕಂಪನಿಯ ಇಮರ್ಸಿವ್ ಪದ್ಧತಿ) ಅಂತ ಬೋರ್ಡ್ ಇರುವ ಕೋಣೆ ಎರಡು ಥರ. ಒಂದು ಸಿನಿಮಾ ಮಿಕ್ಸ್ ಮಾಡುವ ಥಿಯೇಟರ್, ಇನ್ನೊಂದು ಹತ್ತಿರದ ಸ್ಪೀಕರ್‌ಗಳ ಸಣ್ಣ ಕೋಣೆ. ಸಂಗೀತಕ್ಕೆ ಎರಡನೆಯದು ಬೇಕು. ಸಿನಿಮಾ ಥಿಯೇಟರ್‌ನ ಹೊಂದಾಣಿಕೆ ದೊಡ್ಡ ಹಾಲ್‌ಗೆ ಮಾಡಿದ್ದು. ಅಲ್ಲಿ ಮೇಲಿನ ಸ್ಥಾಯಿ ಸ್ವಲ್ಪ ಇಳಿಸಿರುತ್ತಾರೆ. ಅಲ್ಲಿ ಮಿಕ್ಸ್ ಮಾಡಿದ ತಾಳದ ಶಬ್ದ ಮನೆಯಲ್ಲಿ ಕಿವಿ ಚುಚ್ಚುತ್ತದೆ. ಬುಕ್ ಮಾಡುವಾಗ “7.1.4 ಇದೆಯಾ, ಮ್ಯೂಸಿಕ್‌ಗೆ ಹೊಂದಿಸಿದ್ದೀರಾ?” ಅಂತ ಕೇಳಿ. 7 ಅಂದರೆ ಕಿವಿಯ ಮಟ್ಟದ ಏಳು ಸ್ಪೀಕರ್, 1 ಅಂದರೆ ಎಲ್‌ಎಫ್‌ಇ ಅನ್ನುವ ಆಳದ ಚಾನೆಲ್, 4 ಅಂದರೆ ಮೇಲಿನ ನಾಲ್ಕು.

ಮೇಲಿನ ಸ್ಪೀಕರ್ ಇಲ್ಲದ ಹಳೆಯ 5.1 ಸಾಕಾ? ನಿಯಮಕ್ಕೆ ನಾಲ್ಕು ಚಾನೆಲ್ ಸಾಕು. ಆದರೆ ಇವತ್ತು ಬಿಡುಗಡೆಯ ಸುಲಭ ದಾರಿ ಡಾಲ್ಬಿ ಅಟ್ಮಾಸ್. 2021ರ ಜೂನ್‌ನಲ್ಲಿ ಆಪಲ್ ಮ್ಯೂಸಿಕ್ ಅದನ್ನು ಶುರುಮಾಡಿದ ಮೇಲೆ ಚಿಕ್ಕ ಕಲಾವಿದರಿಗೂ ಬಾಗಿಲು ತೆರೆಯಿತು. ಅಟ್ಮಾಸ್‌ನಲ್ಲಿ ಎರಡು ಬಗೆ ಇದೆ. ಸ್ಥಿರವಾದ ಚಾನೆಲ್‌ಗಳಿಗೆ ಬೆಡ್ ಅನ್ನುತ್ತಾರೆ. ಎಲ್ಲಿ ಬೇಕಾದರೂ ಇಡಬಹುದಾದ ಬಿಡಿ ಶಬ್ದಗಳು ಆಬ್ಜೆಕ್ಟ್. ಎಲ್ಲ ಸೇರಿ 128ರ ತನಕ ಹೋಗಬಹುದು. ಅಷ್ಟು ಜಾಗ ಇದೆ ಅಂತ ತುಂಬಬೇಕಿಲ್ಲ.

ಮಿಕ್ಸ್ ಮಾಡುವಾಗ ನಾನು ಗಟ್ಟಿಯಾಗಿ ಹಿಡಿಯುವ ಮಾತುಗಳು ಇವು. ಕಂಠವನ್ನು ಬರೀ ಮಧ್ಯದ ಸ್ಪೀಕರ್‌ಗೆ ಕಟ್ಟಿಹಾಕಬೇಡಿ, ಸ್ವಲ್ಪ ಎಡ ಬಲಕ್ಕೂ ಸೇರಲಿ. ಇಲ್ಲದಿದ್ದರೆ ಹಾಡು ಬೇರೆ, ವಾದ್ಯ ಬೇರೆ ಅನ್ನಿಸುತ್ತದೆ. ಮದ್ದಳೆಯ ಆಳದ ನಾದವನ್ನು ಎಲ್‌ಎಫ್‌ಇ ಒಂದರಲ್ಲೇ ಇಡಬೇಡಿ. ಸ್ಟೀರಿಯೊಗೆ ಇಳಿಸುವಾಗ ಆ ಚಾನೆಲ್ ಬಿಟ್ಟುಹೋಗುತ್ತದೆ, ಮದ್ದಳೆ ಬಡವಾಗುತ್ತದೆ. ಶಬ್ದವನ್ನು ಸುತ್ತ ಓಡಿಸುವ ಆಸೆ ಮೊದಲ ವಾರ ಎಲ್ಲರಿಗೂ ಬರುತ್ತದೆ, ಹಾಡಿನ ಅರ್ಥಕ್ಕೆ ಬೇಕಿಲ್ಲದಿದ್ದರೆ ಓಡಿಸಬೇಡಿ. ಕಂಠವಂತೂ ಒಂದೇ ಕಡೆ ನಿಂತಿರಲಿ.

ಹೆಡ್‌ಫೋನ್‌ನಲ್ಲಿ ಕೇಳಿ ನೋಡದೆ ಯಾವ ಮಿಕ್ಸನ್ನೂ ಒಪ್ಪಬೇಡಿ. ನಿಮ್ಮ ಆಲ್ಬಂ ಕೇಳುವ ನೂರರಲ್ಲಿ ತೊಂಬತ್ತಕ್ಕೂ ಜಾಸ್ತಿ ಜನ ಲೋಕಲ್‌ನಲ್ಲೋ ಬಸ್ಸಲ್ಲೋ ಇಯರ್‌ಫೋನ್ ಹಾಕಿಕೊಂಡೇ ಕೇಳುವವರು ಅಂತ ಇಟ್ಟುಕೊಳ್ಳಿ. ಡಾಲ್ಬಿಯ ಹೆಡ್‌ಫೋನ್ ರೂಪದಲ್ಲಿ ಪ್ರತಿ ಶಬ್ದಕ್ಕೂ ಹತ್ತಿರ, ನಡು, ದೂರ ಅಂತ ಆಯ್ಕೆ ಇರುತ್ತದೆ. ಆಪಲ್ ತನ್ನದೇ ಲೆಕ್ಕದಲ್ಲಿ ಕೇಳಿಸುತ್ತದೆ, ಆ ಆಯ್ಕೆಗಳನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಎರಡರಲ್ಲೂ ಕೇಳಿ. ಒಂದರಲ್ಲಿ ಕಂಠ ದೂರ ಹೋಗಿದ್ದರೆ ಮಿಕ್ಸ್‌ಗೆ ವಾಪಸ್ ಬನ್ನಿ.

ಸದ್ದಿನ ಮಟ್ಟಕ್ಕೆ ಗಟ್ಟಿ ನಿಯಮ ಇದೆ. ಅಟ್ಮಾಸ್ ಸಂಗೀತದ ಸರಾಸರಿ ಮಟ್ಟ ಮೈನಸ್ 18 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅಂತ ಅಳೆಯುವ ಮಾನ) ದಾಟಬಾರದು, ಟ್ರೂ ಪೀಕ್, ಅಂದರೆ ಶಬ್ದ ಮುಟ್ಟುವ ತುತ್ತತುದಿ, ಮೈನಸ್ 1 ಡೆಸಿಬಲ್ ದಾಟಬಾರದು. ಸ್ಟೀರಿಯೊದಲ್ಲಿ ಎಲ್ಲರೂ ಇದಕ್ಕಿಂತ ತುಂಬ ಜೋರಾಗಿ ಮಾಡುತ್ತಾರೆ. ಹಾಗಾಗಿ ಪಕ್ಕಪಕ್ಕದಲ್ಲಿ ಕೇಳಿದಾಗ ನಿರ್ಮಾಪಕರು “ಇದು ಯಾಕೆ ಸಣ್ಣಗಿದೆ?” ಅಂತಾರೆ. ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿಸಿ, ಆಗ ಸರೌಂಡ್‌ನ ಉಸಿರಾಟ ಅವರಿಗೇ ಗೊತ್ತಾಗುತ್ತದೆ. ನಮ್ಮ ಸಂಗೀತಕ್ಕೆ ಈ ಮಿತಿ ವರದಾನ. ಆಲಾಪದ ಸಣ್ಣ ದನಿಗೂ ದ್ರುತ್‌ನ ಜೋರಿಗೂ ನಡುವಿನ ಅಂತರ ಉಳಿಯುತ್ತದೆ.

ಬಿಡುಗಡೆ ಮತ್ತು ಕಾಗದಪತ್ರ

ಅಂತಿಮ ಅಟ್ಮಾಸ್ ಫೈಲ್‌ನ ಬಗೆಗೆ ಹೆಸರು ಎಡಿಎಂ ಬಿಡಬ್ಲ್ಯುಎಫ್, 24 ಬಿಟ್, ಸಾಮಾನ್ಯವಾಗಿ 48 ಕಿಲೋಹರ್ಟ್ಸ್. ಪ್ರತಿ ಹಾಡಿಗೆ ಒಂದು. ಸ್ಟೀರಿಯೊ ರೂಪ ಮತ್ತು ಅಟ್ಮಾಸ್ ರೂಪದ ಉದ್ದ ಒಂದೇ ಇರಬೇಕು, ಶುರುವಾಗುವ ಜಾಗವೂ ಒಂದೇ ಇರಬೇಕು. ಅಟ್ಮಾಸ್ ರೂಪಕ್ಕೆ ಬೇರೆ ಐಎಸ್‌ಆರ್‌ಸಿ, ಅಂದರೆ ಧ್ವನಿಮುದ್ರಣದ ಗುರುತಿನ ಸಂಖ್ಯೆ, ಬೇಕು. ಹಾಡುಗಳನ್ನು ಸ್ಟ್ರೀಮಿಂಗ್ ಸೇವೆಗಳಿಗೆ ತಲುಪಿಸುವ ನಿಮ್ಮ ಡಿಸ್ಟ್ರಿಬ್ಯೂಟರ್ ಅಟ್ಮಾಸ್ ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ಕೇಳಿ, ಎಲ್ಲರೂ ತೆಗೆದುಕೊಳ್ಳುವುದಿಲ್ಲ. ಆಲ್ಬಂ ಅಮೆರಿಕದಲ್ಲೂ ಸಿಗುವ ಹಾಗೆ ಬಿಡುಗಡೆ ಮಾಡಬೇಕು. ಭಾರತಕ್ಕೆ ಮಾತ್ರ ಅಂತ ಗುರುತು ಹಾಕಿದರೆ ಎಂಟ್ರಿಯೇ ಆಗುವುದಿಲ್ಲ.

ಈಗ ಹೆಸರುಗಳು. ಇಮರ್ಸಿವ್ ಮಿಕ್ಸ್ ಯಾರು ಮಾಡಿದರು, ಇಮರ್ಸಿವ್ ಪ್ರೊಡ್ಯೂಸರ್ ಯಾರು, ಇಮರ್ಸಿವ್ ಮಾಸ್ಟರಿಂಗ್ ಯಾರು, ಕೆಲಸ ಶುರುವಾಗುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಇಮರ್ಸಿವ್ ಪ್ರೊಡ್ಯೂಸರ್ ಅಂದರೆ ದುಡ್ಡು ಹಾಕಿದವರು ಅಲ್ಲ. ಯಾವ ಶಬ್ದ ಎಲ್ಲಿ ಕೂರಬೇಕು ಅನ್ನುವ ನಿರ್ಧಾರ ಮಾಡಿದವರು. ಆ ಕೆಲಸವನ್ನು ಕಲಾವಿದರೇ ಕೂತು ಮಾಡಿದ್ದರೆ ಅವರ ಹೆಸರು ನ್ಯಾಯವಾಗಿ ಅಲ್ಲಿ ಬರುತ್ತದೆ, ‘ಡಿವೈನ್ ಟೈಡ್ಸ್’ನಲ್ಲಿ ಬಂದ ಹಾಗೆ. ಮಿಕ್ಸ್ ಮಾಡಿದ ಹುಡುಗನ ಹೆಸರು ಬಿಟ್ಟು ಲೇಬಲ್ ಮಾಲೀಕರ ಹೆಸರು ಸೇರಿಸುವ ಅಭ್ಯಾಸ ನಮ್ಮಲ್ಲಿ ಅಲ್ಲಲ್ಲಿ ಇದೆ. ಇದು ತಪ್ಪು. ಈ ಪ್ರಶಸ್ತಿ ಇರುವುದೇ ಆ ಹುಡುಗನ ಕೆಲಸಕ್ಕೆ.

ದಾಸರ ಪದ, ವಚನಗಳ ಸಾಹಿತ್ಯಕ್ಕೆ ಯಾರ ಅನುಮತಿಯೂ ಬೇಡ. ಆದರೆ ರಾಗ ಹಾಕಿದವರು ಈಚಿನವರಾದರೆ ಅವರ ಹಕ್ಕು ಇರುತ್ತದೆ. ಕವಿ ತೀರಿಕೊಂಡು 60 ವರ್ಷ ಆಗುವ ತನಕ ಕವಿತೆಗೂ ಹಕ್ಕು ಇರುತ್ತದೆ. ನುಡಿಸಿದವರೆಲ್ಲರಿಂದ ಎನ್‌ಒಸಿ ತೆಗೆದುಕೊಳ್ಳಿ, ಅದರಲ್ಲಿ ಇಮರ್ಸಿವ್ ರೂಪಕ್ಕೂ ಒಪ್ಪಿಗೆ ಅಂತ ಒಂದು ಸಾಲು ಇರಲಿ.

ಎಂಟ್ರಿ ಹಾಕುವುದು

ಗ್ರ್ಯಾಮಿಯ ವರ್ಷ ಜನವರಿಯಿಂದ ಡಿಸೆಂಬರ್ ಅಲ್ಲ. 2026ರ ಫೆಬ್ರವರಿ 1ರ 68ನೇ ಸಮಾರಂಭಕ್ಕೆ 2024ರ ಆಗಸ್ಟ್ 31ರಿಂದ 2025ರ ಆಗಸ್ಟ್ 30ರ ಒಳಗೆ ಬಿಡುಗಡೆಯಾದವು ಅರ್ಹ. ನಾಮಿನೇಷನ್ ಪಟ್ಟಿ 2025ರ ನವೆಂಬರ್ 7ಕ್ಕೆ ಬಂತು. ದಿನಾಂಕ ಪ್ರತಿ ವರ್ಷ ಸ್ವಲ್ಪ ಸರಿಯುತ್ತದೆ, ಗ್ರ್ಯಾಮಿ ಕೊಡುವ ರೆಕಾರ್ಡಿಂಗ್ ಅಕಾಡೆಮಿಯ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ. ಚಳಿಗಾಲದಲ್ಲಿ ರೆಕಾರ್ಡಿಂಗ್, ಮಾರ್ಚ್-ಏಪ್ರಿಲ್‌ನಲ್ಲಿ ಮಿಕ್ಸ್, ಮೇ ತಿಂಗಳಲ್ಲಿ ಮಾಸ್ಟರಿಂಗ್, ಜೂನ್‌ನಲ್ಲಿ ಬಿಡುಗಡೆ. ಹೀಗೆ ನಡೆದರೆ ಕೊನೆಯ ದಿನದ ಓಟ ಇರುವುದಿಲ್ಲ. ಆಗಸ್ಟ್ ಕೊನೆಯ ವಾರಕ್ಕೆ ಇಟ್ಟುಕೊಂಡವರಿಗೆ ಒಂದು ಫೈಲ್ ವಾಪಸ್ ಬಂದರೂ ಪೂರ್ತಿ ವರ್ಷ ಹೋಯಿತು.

ಎಂಟ್ರಿ ಹಾಕಲು ಅಕಾಡೆಮಿಯ ಸದಸ್ಯರಾಗಿರಬೇಕು, ಇಲ್ಲವೇ ನಿಮ್ಮ ಲೇಬಲ್ ಅಲ್ಲಿ ಮೀಡಿಯಾ ಕಂಪನಿಯಾಗಿ ನೋಂದಾಯಿಸಿರಬೇಕು. ಸದಸ್ಯತ್ವಕ್ಕೆ ವೃತ್ತಿಯಲ್ಲಿರುವ ಇಬ್ಬರ ಶಿಫಾರಸು ಮತ್ತು ಬಿಡುಗಡೆಯಾದ ಕೆಲಸಗಳ ದಾಖಲೆ ಕೇಳುತ್ತಾರೆ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ, ರೆಕಾರ್ಡಿಂಗ್ ಶುರುವಾಗುವಾಗಲೇ ಇದನ್ನೂ ಶುರುಮಾಡಿ. ಎಂಟ್ರಿಗೆ ಶುಲ್ಕ ಇದೆ. ಒಂದೇ ಆಲ್ಬಂ ಅನ್ನು ಸಂಗೀತ ಪ್ರಕಾರದ ವಿಭಾಗಕ್ಕೂ ಇಮರ್ಸಿವ್ ವಿಭಾಗಕ್ಕೂ ಹಾಕಬಹುದು, ಎರಡಕ್ಕೂ ಬೇರೆ ಬೇರೆ ಎಂಟ್ರಿ.

ನಾಮಿನೇಷನ್ ಹಂತದಲ್ಲಿ ಈ ವಿಭಾಗವನ್ನು ಪರಿಣತರ ಸಮಿತಿ ಕೂತು ಕೇಳುತ್ತದೆ. ಕೋವಿಡ್ ಸಮಯದಲ್ಲಿ ಸಮಿತಿ ಒಂದೇ ಕೋಣೆಯಲ್ಲಿ ಸೇರಲು ಆಗಲಿಲ್ಲ ಅಂತ 2021ರಲ್ಲಿ ಈ ಒಂದು ವಿಭಾಗದ ತೀರ್ಮಾನವನ್ನೇ ಮುಂದೂಡಿದ್ದರು. ಸರಿಯಾದ ಸ್ಪೀಕರ್‌ಗಳ ಮುಂದೆ ಕೇಳುವುದಕ್ಕೆ ಅಷ್ಟು ಬೆಲೆ ಇದೆ. ಹಾಗಾಗಿ ಎಷ್ಟು ಲಕ್ಷ ಸ್ಟ್ರೀಮ್ ಆಗಿದೆ ಅನ್ನುವುದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಅಂತಿಮ ಫೈಲ್‌ಗಳನ್ನು ಇನ್ನೊಂದು ಒಳ್ಳೆಯ ಕೋಣೆಯಲ್ಲಿ, ನೀವು ಮಿಕ್ಸ್ ಮಾಡದ ಕೋಣೆಯಲ್ಲಿ, ಮೊದಲಿನಿಂದ ಕೊನೆಯ ತನಕ ಒಂದು ಸಲ ಕೇಳಿ ಆಮೇಲೆ ಕಳಿಸಿ.

“ನಾಮಿನೇಷನ್ ಮಾಡಿಸಿಕೊಡ್ತೀವಿ, ಇಷ್ಟು ಲಕ್ಷ ಕೊಡಿ” ಅನ್ನುವವರು ಬರುತ್ತಾರೆ. ಹತ್ತಿರ ಸೇರಿಸಬೇಡಿ. ಮತ ಕೇಳಿಕೊಂಡು ಹೋಗುವುದಕ್ಕೂ ಅಕಾಡೆಮಿಯ ಕಟ್ಟುನಿಟ್ಟು ಇದೆ. ಇನ್ನೊಂದು ಮಾತು, ಎಂಟ್ರಿ ಸ್ವೀಕಾರವಾಗಿ ಮೊದಲ ಸುತ್ತಿನ ಪಟ್ಟಿಯಲ್ಲಿ ಹೆಸರು ಬಂದರೆ ಅದು ನಾಮಿನೇಷನ್ ಅಲ್ಲ. ನಾಮಿನೇಷನ್ ಅಂದರೆ ನವೆಂಬರ್‌ನಲ್ಲಿ ಪ್ರಕಟವಾಗುವ ಕೊನೆಯ ಐದು ಮಾತ್ರ. ಪತ್ರಿಕೆಗೆ ಸುದ್ದಿ ಕೊಡುವಾಗ ಈ ವ್ಯತ್ಯಾಸ ಇಟ್ಟುಕೊಳ್ಳಿ. ಊರಿನವರು ನಂಬಿ ಹಾರ ಹಾಕುತ್ತಾರೆ, ಆ ನಂಬಿಕೆಗೆ ಮೋಸ ಆಗಬಾರದು.

ಅಮೆರಿಕದ ತನಕ ಹೋಗುವ ಮುಂಚೆ ಮನೆಯಂಗಳದಲ್ಲೂ ಒಂದು ಅವಕಾಶ ಇದೆ. ಮುಂಬೈಯಲ್ಲಿ ನಡೆಯುವ ಪಾಮ್ ಎಕ್ಸ್‌ಪೊ ಅನ್ನುವ ಸೌಂಡ್ ಉಪಕರಣಗಳ ಪ್ರದರ್ಶನದ ಜೊತೆಗೆ ಐರಾ ಪ್ರಶಸ್ತಿ ಕೊಡುತ್ತಾರೆ, ಅದೂ ರೆಕಾರ್ಡಿಂಗ್ ಮತ್ತು ಮಿಕ್ಸ್ ಎಂಜಿನಿಯರ್‌ಗಳ ಕೆಲಸಕ್ಕೇ. ಆ ಪ್ರದರ್ಶನಕ್ಕೆ ಒಮ್ಮೆ ಹೋಗಿ ಬನ್ನಿ. ಬೇರೆಯವರ ಮಿಕ್ಸ್ ಕೇಳುವುದಕ್ಕೂ, ನಿಮ್ಮ ಆಲ್ಬಂಗೆ ಸರಿಯಾದ ಎಂಜಿನಿಯರ್ ಹುಡುಕುವುದಕ್ಕೂ ಅದು ಒಳ್ಳೆಯ ಜಾಗ.

ಕೆಲಸ ಮುಗಿದ ಮೇಲೆ ಎಲ್ಲ ಟ್ರ್ಯಾಕ್‌ಗಳನ್ನೂ ಒಂದೇ ಶುರುವಿನಿಂದ ಬಿಡಿ ಬಿಡಿ ವೇವ್ ಫೈಲ್ ಮಾಡಿ, ಮೈಕ್ ಎಲ್ಲಿ ಇಟ್ಟಿದ್ದಿರಿ ಅನ್ನುವ ಚಿತ್ರದ ಜೊತೆ ಎರಡು ಹಾರ್ಡ್ ಡಿಸ್ಕ್‌ಗೆ ಹಾಕಿ. ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಬೇರೆ ಊರಲ್ಲಿ ಇರಲಿ. ಮುಂಬೈಯ ಮಳೆ ತೇವ ಡಿಸ್ಕ್‌ಗಳಿಗೂ ಒಳ್ಳೆಯದಲ್ಲ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿ ಆಡದ ಡಬ್ಬಿಯಲ್ಲಿ ಇಡಿ.